ಪುಸ್ತಕ ಕೊಡೋದಕ್ಕೆ ಎರಡು ವರ್ಷ ಓದಬೇಕಾ?

ಜಮಖಂಡಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರ ಪತ್ರ ಬಂದಿದೆ. "ಮಗಳು ಬಿ.ಎ. ಮುಗಿಸ್ಯಾಳ. ಎಂ.ಲಿಬ್., ಅಂದ್ರ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಡಿಗ್ರಿ, ಮಾಡ್ತೀನಿ ಅಂತ ಹಟ ಹಿಡದಾಳ. ಕಪಾಟಿನಿಂದ ಪುಸ್ತಕ ತೆಗೆದು ಕೊಡೂದಕ್ಕ ಎರಡು ವರ್ಷದ ಡಿಗ್ರಿ ಯಾಕ ಬೇಕ್ರಿ? ಈಗಂತೂ ಎಲ್ಲಾ ಮೊಬೈಲಿನ್ಯಾಗ ಐತಿ. ಬಿ.ಎಡ್. ಮಾಡು ಅಂದ್ರ ಕೇಳವಲ್ಲಳು. ನೀವರೆ ಒಂದು ಬುದ್ಧಿಮಾತು ಹೇಳ್ರಿ" ಅಂತ ಬರೆದಿದ್ದಾರೆ.

ಮಾಸ್ತರರೇ, ಹೇಳುತ್ತೇನೆ. ಆದರೆ ಅವಳಿಗಲ್ಲ, ನಿಮಗೆ.

ನಿಮ್ಮ ಚಿಂತೆ ಸುಳ್ಳು ಅನ್ನುವುದಿಲ್ಲ. ಕಾಯಂ ಹುದ್ದೆ ಕಡಿಮೆ. ಕಾಲೇಜಿನಲ್ಲಿ ಗ್ರಂಥಪಾಲಕಿ ಆಗಬೇಕು ಅಂದರೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದಾದ ಮೇಲೂ ನೇಮಕಾತಿ ಪ್ರಕಟಣೆಯ ದಾರಿ ಕಾಯಬೇಕು. ಇಷ್ಟು ನಿಮ್ಮ ಪಾಲಿಗೆ. ಬಿ.ಎಡ್. ಮಾಡಿ ದಾರಿ ಕಾಯುತ್ತಿರುವವರು ನಿಮ್ಮೂರಲ್ಲೇ ಎಷ್ಟು ಜನ ಇದ್ದಾರೆ ಅಂತ ನಾನು ಕೇಳುವುದಿಲ್ಲ, ಬಿಡಿ.

"ತೆಗೆದು ಕೊಡೂದು" ಅಂದಿರಲ್ಲ, ಅಲ್ಲಿ ನನಗೆ ಚುರುಕ್ ಅಂತು. ಸಮಾಧಾನ ಮಾಡಿಕೊಳ್ಳಿ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರಿಗೂ ಮೊದಲು ಹಾಗೇ ಅನಿಸಿತ್ತು. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಕ್ಕೆ ಬೇಜಾರು ಬಂದು, ನನಗೆ ಪಾಠದ ಕೆಲಸವೇ ವಾಪಸ್ ಕೊಡಿ ಅಂತ ಹಳೆ ಕಾಲೇಜಿಗೆ ಹೋಗಿ ಕೂತರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಾ, ಆಮೇಲೆ ನೋಡೋಣ ಅಂತ ಅಲ್ಲಿಯವರು ಹೇಳಿ ಕಳಿಸಿದರು. ಕಲಿತು ಬಂದವರು ಮತ್ತೆ ಗಣಿತದ ಕಡೆ ತಿರುಗಲಿಲ್ಲ. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪುಸ್ತಕ ಮಾಡಿ ಕೊಟ್ಟರು. ಅದರಲ್ಲಿ ನಾಲ್ಕನೆಯದು ನನಗೆ ಪ್ರಾಣ: ಓದುಗನ ಸಮಯ ಉಳಿಸು. 1962ರಲ್ಲಿ ಬೆಂಗಳೂರಿನಲ್ಲಿ ಈ ವಿದ್ಯೆಗೇ ಅಂತ ತರಬೇತಿ ಕೇಂದ್ರ ಕಟ್ಟಿದರು. ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ, 1972ರಲ್ಲಿ.

ಸಮಯ ಉಳಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಗಿದ್ದು ಆನಂದಕಂದರ ದೆಸೆಯಿಂದ. ಹುಡುಗನಾಗಿದ್ದಾಗ ಅವರ ಕವಿತೆ ಬೇಕಾಗಿ ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ಕುರ್ಚಿಯಲ್ಲಿದ್ದವರು ರಿಜಿಸ್ಟರ್ ತಿರುವಿ ನೋಡಿ, "ಆ ಹೆಸರಿನವರು ನಮ್ಮಲ್ಲಿಲ್ಲ" ಅಂದರು. ಇದ್ದರು. ಎರಡು ಪುಟ ಮುಂದೆ, ಬೆಟಗೇರಿ ಕೃಷ್ಣಶರ್ಮ ಅಂತ ಇದ್ದರು. ಗೋಕಾಕ ತಾಲ್ಲೂಕಿನ ಬೆಟಗೇರಿಯ ಈ ಕವಿಯ ಕಾವ್ಯನಾಮವೇ ಆನಂದಕಂದ ಅಂತ ಆ ರಿಜಿಸ್ಟರಿಗೆ ಯಾರೂ ಹೇಳಿರಲಿಲ್ಲ. ಮೂರು ತಿಂಗಳು ಹುಡುಕಿದ್ದೇನೆ ನಾನು. ಹಲಸಂಗಿಯ ಮಧುರಚೆನ್ನರನ್ನೇ ನೋಡಿ. ಮೂಲ ಹೆಸರು ಚೆನ್ನಮಲ್ಲಪ್ಪ ಗಲಗಲಿ. 'ಮ'ದಲ್ಲಿ ಹುಡುಕಬೇಕಾ, 'ಚ'ದಲ್ಲಾ, 'ಗ'ದಲ್ಲಾ? ಕಲಿತವರು ಒಂದು ಕಡೆ ಗಟ್ಟಿಯಾಗಿ ನಮೂದಿಸುತ್ತಾರೆ, ಉಳಿದ ಎರಡು ಕಡೆ 'ಅಲ್ಲಿ ನೋಡಿ' ಅಂತ ಚೀಟಿ ಇಡುತ್ತಾರೆ. ನೋಡೋಕೆ ಚಿಕ್ಕ ಚೀಟಿ. ಅದಿದ್ದಿದ್ದರೆ ನನ್ನ ಮೂರು ತಿಂಗಳು ಉಳಿಯುತ್ತಿತ್ತು.

ಇದನ್ನೇ ಆ ಎರಡು ವರ್ಷ ಕಲಿಸುತ್ತಾರೆ. ಪುಸ್ತಕವನ್ನು ವಿಷಯವಾರು ವಿಂಗಡಿಸುವ ವರ್ಗೀಕರಣ, ಪಟ್ಟಿ ಮಾಡುವ ಸೂಚೀಕರಣ, ಗ್ರಂಥಾಲಯ ನಡೆಸುವ ಕೋಹಾದಂಥ ಸಾಫ್ಟ್‌ವೇರ್, ಎಲ್ಲದಕ್ಕೂ ಪ್ರಾಕ್ಟಿಕಲ್. ಡ್ಯೂಯಿ ಅನ್ನುವ ಅಮೆರಿಕದವನು 1876ರಲ್ಲಿ ಮಾಡಿದ, ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ ಕೊಡುವ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಗುಂಡಗೆ 820. ಕನ್ನಡ ಸಾಹಿತ್ಯಕ್ಕೆ 894.814. ನಮ್ಮನ್ನು ಚುಕ್ಕೆಯ ಆಚೆ ಮೂರನೇ ಮನೆಯಲ್ಲಿ ಕೂರಿಸಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಮರಾಠಿಗೆ 891.46. ಬೆಳಗಾವಿಯ ಗ್ರಂಥಾಲಯಗಳಲ್ಲಿ ಇಬ್ಬರೂ ಹತ್ತಿರ ಹತ್ತಿರವೇ ನಿಂತಿರುತ್ತಾರೆ, ಜಗಳವಿಲ್ಲದೆ.

ಇನ್ನು ಮೊಬೈಲು. ನಿಮ್ಮೂರಿನ ಹಳೆಯ ಸಂಗತಿ ಹುಡುಕಿ ನೋಡಿ. ಬಾಗಲಕೋಟೆ ಜಿಲ್ಲೆ ಅಂತ ಕೊಟ್ಟರೆ 1997ರಿಂದ ಈಚೆಗಿನದು ಸಿಕ್ಕೀತು, ಜಿಲ್ಲೆ ಹುಟ್ಟಿದ್ದೇ ಆಗ. ಅದಕ್ಕಿಂತ ಹಿಂದಿನದು ಬಿಜಾಪುರ ಜಿಲ್ಲೆಯ ಕಾಗದದಲ್ಲಿದೆ. ಆ ಬಿಜಾಪುರವೂ 2014ರಲ್ಲಿ ವಿಜಯಪುರ ಆಯಿತು. ಇನ್ನೂ ಹಿಂದೆ ಹೋದರೆ ಜಮಖಂಡಿ ಪಟವರ್ಧನರ ಸಂಸ್ಥಾನ, ಅದರ ದಫ್ತರವೇ ಬೇರೆ. ಇಷ್ಟು ತಿಳಿದವಳು ಒಬ್ಬಳು ಪಕ್ಕದಲ್ಲಿದ್ದರೆ ಮೊಬೈಲೂ ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ಬೆರಳು ಸವೆಸಬೇಕು.

ಹಳಕಟ್ಟಿಯವರಿಗೆ ಯಾವ ಎಂ.ಲಿಬ್. ಇತ್ತು ಅಂತ ಕೇಳುತ್ತೀರಿ, ಗೊತ್ತು. ವಿಜಯಪುರದ ಆ ವಕೀಲರು ವಚನದ ತಾಳೆಗರಿಗಾಗಿ ಊರೂರು, ಮನೆ ಮನೆ ಅಲೆದರು. 1923ರಲ್ಲಿ ಬೆಳಗಾವಿಯಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. ಆದರೆ ಅಲೆದಿದ್ದು ಯಾಕೆ? ಯಾವ ಗರಿ ಯಾವ ಮನೆಯಲ್ಲಿದೆ ಅಂತ ಪಟ್ಟಿ ಮಾಡಿಟ್ಟವರು ಇರಲಿಲ್ಲ, ಅದಕ್ಕೆ. ಅವರ ಆಯುಷ್ಯದ ಎಷ್ಟು ವರ್ಷ ಹುಡುಕುವುದರಲ್ಲೇ ಹೋಯಿತೋ.

ನನ್ನ ನಿಜವಾದ ಸಿಟ್ಟು ಬೀಗದ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿಗೆ ಭಾಷಣಕ್ಕೆ ಹೋಗಿದ್ದೆ. ಗ್ರಂಥಾಲಯ ನೋಡುತ್ತೇನೆ ಅಂದೆ. ಬೀಗದ ಕೈ ದೈಹಿಕ ಶಿಕ್ಷಣದ ಮಾಸ್ತರರ ಹತ್ತಿರ ಇತ್ತು, ಅವರು ಕಬಡ್ಡಿ ತಂಡದ ಜೊತೆ ಬೇರೆ ಊರಿಗೆ ಹೋಗಿದ್ದರು. ಸಂಜೆ ಬಂದು ತೆಗೆದರು. ಎಲ್ಲ ಪುಸ್ತಕಕ್ಕೂ ಖಾಕಿ ರಟ್ಟು, ಬೆನ್ನ ಮೇಲೆ ನಂಬರು, ಹೆಸರಿಲ್ಲ. "ಪುಸ್ತಕ ಕಳದ್ರ ನನ್ನ ಪಗಾರದಾಗ ಹಿಡೀತಾರ್ರೀ" ಅಂದರು ಪಾಪ. ಅವರ ತಪ್ಪಿಲ್ಲ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮ ಓದಿದರೆ, ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತಲೇ ಇದೆ. ಮೋಸವೋ ಅಸಡ್ಡೆಯೋ ಇರಬಾರದು, ಅಷ್ಟೇ. ಸಾವಿರ ರೂಪಾಯಿಗೂ ಜಾಸ್ತಿ ಬೆಲೆಯದಕ್ಕೆ, ಅಪರೂಪದ್ದಕ್ಕೆ ವಿಚಾರಣೆ ಬೇರೆ. ಆ ಕಾಲೇಜಿಗೆ ಈ ನಿಯಮ ಅನ್ವಯಿಸದೇ ಇರಬಹುದು. ಆದರೆ ಕಲಿತವಳಾಗಿದ್ದರೆ ಇದನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟು ವಾದ ಮಾಡುತ್ತಿದ್ದಳು, ಬೀಗ ತೆಗೆಸುತ್ತಿದ್ದಳು. ಕಬಡ್ಡಿ ಮಾಸ್ತರರು ಏನು ಮಾಡಿಯಾರು?

ನಿಮ್ಮ ಮನೆ ಕರದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿದೆ. 1965ರ ಕಾಯ್ದೆಯಿಂದ ಬಂದಿದ್ದು, ಈಗ ಕರದ ಪ್ರತಿ ರೂಪಾಯಿಗೆ ಆರು ಪೈಸೆ. ನೀವು ಕೊಡುತ್ತಲೇ ಇದ್ದೀರಿ. ಊರಿನ ಅರಿವು ಕೇಂದ್ರಕ್ಕೆ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಕೊನೆಯ ಸಲ ಯಾವಾಗ ಹೋಗಿದ್ದಿರಿ? ಅಲ್ಲಿ ಕೂರುವ ಮೇಲ್ವಿಚಾರಕರ ಸಂಬಳ ಎಷ್ಟು ಅಂತ ಯಾವತ್ತಾದರೂ ಕೇಳಿದ್ದೀರಾ?

ಇನ್ನೊಂದು ಮಾತು, ಬೇಸರ ಬೇಡ. ಎರಡು ಪುಟದ ಪತ್ರದಲ್ಲಿ ಸಂಬಂಧಿಕರು ಏನಂದರು ಅಂತ ಬರೆದಿದ್ದೀರಿ, ಸೋದರಮಾವ ಏನಂದ ಅಂತ ಬರೆದಿದ್ದೀರಿ. ಮಗಳಿಗೆ ಇದೇ ಯಾಕೆ ಬೇಕು ಅಂತ ಒಂದು ಸಾಲೂ ಇಲ್ಲ. ನಲವತ್ತು ಮಕ್ಕಳನ್ನು ಎಬ್ಬಿಸಿ ಎಬ್ಬಿಸಿ ಪ್ರಶ್ನೆ ಕೇಳಿದ ಮಾಸ್ತರರು ನೀವು, ಅವಳನ್ನು ಕೇಳಲಿಲ್ವಾ?

ದೂರದ ಮಾತೂ ಅಲ್ಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇದೆ, ಬೆಳಗಾವಿಯ ರಾಣಿ ಚನ್ನಮ್ಮದಲ್ಲಿದೆ, ಧಾರವಾಡದಲ್ಲಂತೂ ಹಳೆಯದು. ವಿಜಯಪುರಕ್ಕೆ ಅರ್ಜಿ ಹಾಕಲು ಬಂದರೆ ಅವಳನ್ನು ನಮ್ಮ ಕಚೇರಿಗೂ ಕರೆದುಕೊಂಡು ಬನ್ನಿ. ನೀವು ಈ ಹಿಂದೆಯೂ ನಮಗೊಂದು ಪತ್ರ ಬರೆದಿದ್ದಿರಿ, ನಾವು ಅಚ್ಚು ಹಾಕಿದ್ದೆವು. ಈ ಉತ್ತರ ಬರೆಯುವ ಮುಂಚೆ ಅದನ್ನು ನೋಡೋಣ ಅಂತ ಎರಡು ದಿನ ಹಳೆ ಸಂಚಿಕೆ ತಿರುವಿದೆ. ಮೂರು ಕಪಾಟು ತುಂಬ ಸಂಚಿಕೆಗಳಿವೆ, ಒಂದಕ್ಕೂ ಸೂಚಿ ಇಲ್ಲ. ಪತ್ರ ಸಿಗಲಿಲ್ಲ.