ಹಣದ ಹಿಂದೆ ಇರುವ ಭಯ

ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಎರಡು ಹೋಟೆಲುಗಳ ಒಡೆಯರಾದ ಮೇಲೂ ತಮ್ಮ ಅಣ್ಣನವರು ಹೆಂಡತಿ ಮಕ್ಕಳೊಡನೆ ಕುಳಿತು ಒಂದು ಹೊತ್ತು ಊಟ ಮಾಡುವುದಿಲ್ಲ, ಪ್ರೀತಿಗಿಂತ ದುಡ್ಡೇ ದೊಡ್ಡದಾಯಿತೇ ಎಂದು ತಾವು ಕೇಳಿದ್ದೀರಿ. ಮುಂಬಯಿಯಲ್ಲಿ ಇಂಥವರ ನಡುವೆಯೇ ಬೆಳೆದ ನನಗೆ ಅದು ದುರಾಸೆಗಿಂತ ಹೆಚ್ಚಾಗಿ ಭಯವೆಂದೇ ಅನಿಸುತ್ತದೆ.

1982ರ ಜನವರಿಯಲ್ಲಿ ಆರಂಭವಾದ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಲಕ್ಷಾಂತರ ಕಾರ್ಮಿಕರು ಹೊರಬಂದರು, ಬಹಳ ಮಂದಿಗೆ ಆ ಕೆಲಸ ಮರಳಿ ಸಿಗಲೇ ಇಲ್ಲ. ಆಗ ಗಿರಣಿಗಳ ಬಡಾವಣೆಯಾಗಿದ್ದ ಪರೇಲಿನ ಚಾಳಿನಲ್ಲಿ, ಎಂದರೆ ಸಣ್ಣ ಕೋಣೆಗಳ ಸಾಲುಮನೆಯಲ್ಲಿ, ತಾಯಿಯ ಕರಿಮಣಿ ಗಿರವಿಗೆ ಹೋದದ್ದನ್ನು ಕಂಡಿದ್ದ ನನ್ನ ಸೋದರಮಾವ, ಸ್ವಂತ ಮನೆ ಕೊಂಡ ಮೇಲೂ ರಾತ್ರಿ ನೋಟುಗಳನ್ನು ಎರಡು ಸಲ ಎಣಿಸಿ, ಒಂದು ಕಟ್ಟನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟೇ ಮಲಗುತ್ತಿದ್ದರು. ಮಗಳ ಶಾಲೆಯ ನಾಟಕಕ್ಕೆ ಹೋಗಲಿಲ್ಲ. "ಹೊಸ ಲಂಗಕ್ಕೆ ದುಡ್ಡು ಕೊಟ್ಟಿದ್ದೆನಲ್ಲ" ಎಂದರು. ಅವರ ಪಾಲಿಗೆ ಅದೇ ಅಕ್ಕರೆ, ಮತ್ತು ಅದು ಸುಳ್ಳಾಗಿರಲಿಲ್ಲ.

ಹಣದಿಂದ ನೆಮ್ಮದಿಯೇ ಇಲ್ಲವೆಂದು ಮಾತ್ರ ಅಣ್ಣನವರಿಗೆ ಹೇಳಬೇಡಿ. ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಮ್ಯಾಥ್ಯೂ ಕಿಲಿಂಗ್ಸ್‌ವರ್ತ್, ಬಾರ್ಬರಾ ಮೆಲ್ಲರ್ಸ್ ಅವರೊಂದಿಗೆ ಅಮೆರಿಕದ ಜನರ ಬಗ್ಗೆ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆದಾಯದೊಂದಿಗೆ ಬಹುಪಾಲು ಜನರ ಸಂತೋಷವೂ ಏರುತ್ತದೆಂದೂ, ಅತ್ಯಂತ ಅಸುಖಿಗಳಾದವರಲ್ಲಿ ಮಾತ್ರ ಒಂದು ಮಟ್ಟದ ಆಚೆಗೆ ಆ ಏರಿಕೆ ನಿಲ್ಲುತ್ತದೆಂದೂ ಕಂಡುಬಂದಿದೆ. ಆದರೆ ಅಗಲಿಕೆಯ ಅಥವಾ ಒಂಟಿತನದ ನೋವನ್ನು ಇನ್ನೊಂದು ಹೋಟೆಲು ತೆರೆದು ಶಮನ ಮಾಡಲಾಗದು.

ಮಧ್ಯಾಹ್ನದ ಗಿರಾಕಿಗಳು ತೆರಳಿದ ಮೇಲೆ, ಮೂರೂವರೆಯ ಹೊತ್ತಿಗೆ, ಅವರ ಗಲ್ಲಾದ ಬಳಿ ಕುಳಿತು, ಎಷ್ಟು ಕೂಡಿಟ್ಟರೆ ಭಯ ಹೋದೀತು ಎಂದು ಮೆಲ್ಲನೆ ಕೇಳಿ ನೋಡಿ.