ತಲೆಗೆ ಇಷ್ಟು ಎನ್ನುವ ಲೆಕ್ಕದಲ್ಲಿ ಸೇರದೆ ಉಳಿಯುವ ಖರ್ಚು

ನಿಮ್ಮ ಪ್ರಶ್ನೆ: ಒಂದು ಹಳ್ಳಿಗೆ ಕುಡಿಯುವ ನೀರು, ಶೌಚಾಲಯ ಒದಗಿಸಲು ತಲೆಗೆ ಎಷ್ಟು ಖರ್ಚಾಗುತ್ತದೆ? ಒಂದೊಂದು ಸಂಸ್ಥೆ ಒಂದೊಂದು ಅಂಕಿ ಹೇಳುವಾಗ ಯಾವುದನ್ನು ನಂಬಬೇಕು?

ಗ್ರಾಮೀಣ ನೀರಿನ ಯೋಜನೆಗಳ ಅಂದಾಜುಪಟ್ಟಿ ಪರಿಶೀಲಿಸುವುದೇ ನನ್ನ ಕಸುಬು. ನಾನು ಕಂಡಂತೆ ಸಂಸ್ಥೆಗಳು ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಉದ್ಘಾಟನೆಯ ದಿನದವರೆಗಿನ ಖರ್ಚು ಹೇಳಿ ಸುಮ್ಮನಾಗುತ್ತವೆ. ನೀವು ಕೇಳಬೇಕಾದದ್ದು ಅದರ ಮರುದಿನದಿಂದ ಶುರುವಾಗುವ ಖರ್ಚನ್ನು.

ಇದಕ್ಕೆ ನೆಚ್ಚಬಹುದಾದ ಆಧಾರವೊಂದಿದೆ. ನೀರು, ನೈರ್ಮಲ್ಯದ ಕ್ಷೇತ್ರದಲ್ಲಿ ಕೆಲಸ ಮಾಡುವ ನೆದರ್ಲೆಂಡ್ಸ್‌ನ ಐಆರ್‌ಸಿ ಸಂಸ್ಥೆ 2008ರಿಂದ 2013ರವರೆಗೆ ‘ವಾಶ್‌ಕಾಸ್ಟ್’ ಎಂಬ ಯೋಜನೆಯಡಿ ಘಾನಾ, ಬುರ್ಕಿನಾ ಫಾಸೊ, ಮೊಜಾಂಬಿಕ್ ಮತ್ತು ಭಾರತದ ಆಂಧ್ರಪ್ರದೇಶದಲ್ಲಿ ನಿಜವಾದ ಖರ್ಚುಗಳನ್ನು ಕಲೆಹಾಕಿತು. ಅದರ ಪ್ರಕಾರ, 2011ರ ಬೆಲೆಯಲ್ಲಿ, ಕೈಪಂಪ್ ಇರುವ ಕೊಳವೆಬಾವಿಯ ನಿರ್ಮಾಣಕ್ಕೆ ತಲೆಗೆ 20ರಿಂದ 61 ಡಾಲರ್. ಅದು ಕನಿಷ್ಠ ಮಟ್ಟದ ಸೇವೆಯನ್ನು ಕೊಡುತ್ತಲೇ ಇರಬೇಕಾದರೆ ತಲೆಗೆ ವರ್ಷಕ್ಕೆ ಇನ್ನೂ 3ರಿಂದ 6 ಡಾಲರ್.

ಆ ಎರಡನೆಯ ಅಂಕಿ ಪುಡಿಗಾಸಿನಂತೆ ಕಾಣುತ್ತದೆ. 300 ಜನರ ಊರಿಗೆ ಲೆಕ್ಕ ಹಾಕಿ ನೋಡಿ. ನಿರ್ಮಾಣಕ್ಕೆ 6,000ದಿಂದ 18,300 ಡಾಲರ್. ಹತ್ತು ವರ್ಷ ನಡೆಸಲು 9,000ದಿಂದ 18,000 ಡಾಲರ್. ಕಟ್ಟಿದಷ್ಟೇ ಹಣವನ್ನು ಹತ್ತು ವರ್ಷದೊಳಗೆ ಮತ್ತೊಮ್ಮೆ ಹೊಂದಿಸಬೇಕು, ಆದರೆ ಈ ಸಲ ರಿಬ್ಬನ್ ಕತ್ತರಿಸಲು ಯಾರೂ ಬರುವುದಿಲ್ಲ.

ಈ ವಾರ್ಷಿಕ ಖರ್ಚಿನೊಳಗೂ ಎಲ್ಲವೂ ಒಂದೇ ಬಗೆಯದಲ್ಲ. ದಿನನಿತ್ಯದ ನಿರ್ವಹಣೆ ಮತ್ತು ಸಣ್ಣಪುಟ್ಟ ರಿಪೇರಿಗೆ ತಲೆಗೆ ಅರ್ಧದಿಂದ ಒಂದು ಡಾಲರ್ ಸಾಕು. ದೊಡ್ಡ ರಿಪೇರಿ ಮತ್ತು ಬದಲಾವಣೆಗೆ ಒಂದೂವರೆಯಿಂದ ಎರಡು ಡಾಲರ್ ಬೇಕು. ನೀರಿನ ಸಮಿತಿಗಳು ಮನೆಮನೆಯಿಂದ ಸಂಗ್ರಹಿಸುವ ವಂತಿಗೆ ಮೊದಲನೆಯದಕ್ಕೆ ಹೇಗೋ ಸಾಲುತ್ತದೆ. ಎರಡನೆಯದು ಯಾರ ತಲೆಯ ಮೇಲೆ ಎಂಬುದು ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ, ಯೋಜನೆಗಳು ಸೊರಗುವುದು ಅಲ್ಲಿಯೇ.

ಪಂಪಿನ ಒಳಗೆ ಇಣುಕಿದರೆ ಇದು ಸ್ಪಷ್ಟವಾಗುತ್ತದೆ. ಸಿಲಿಂಡರಿನೊಳಗಿನ ವಾಶರ್ ಸವೆಯುತ್ತಾ ಬಂದಂತೆ, ನಾಲ್ಕು ಬಾರಿ ಒತ್ತಿದರೆ ಬರುತ್ತಿದ್ದ ನೀರು ಹದಿನೈದು ಬಾರಿ ಒತ್ತಿದರೂ ಸಣ್ಣಗೆ ಬರುತ್ತದೆ. ವಾಶರ್ ಅಗ್ಗದ ವಸ್ತು. ಆದರೆ ಇಂಡಿಯಾ ಮಾರ್ಕ್ 2 ಎಂಬ ಕೈಪಂಪ್ ಮಾದರಿಯಲ್ಲಿ ಅದನ್ನು ತಲುಪಬೇಕಾದರೆ ಕಬ್ಬಿಣದ ಕೊಳವೆಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಆಳುಗಳು, ಸಲಕರಣೆ, ವಾಹನ ಎಲ್ಲವೂ ಬೇಕು. ಅಂತರ್ಜಲ ಆಮ್ಲೀಯವಾಗಿದ್ದರೆ ಆ ಕೊಳವೆಗಳೇ ತುಕ್ಕು ತಿಂದು ತೂತಾಗಿರುತ್ತವೆ. ಆಗ ವಾಶರ್‌ನ ರಿಪೇರಿ ಇಡೀ ಕೊಳವೆ ಸಾಲಿನ ಬದಲಾವಣೆಯಾಗುತ್ತದೆ. ಆಫ್ರಿಡೆವ್ ಎಂಬ ಇನ್ನೊಂದು ಮಾದರಿಯಲ್ಲಿ ಕೊಳವೆ ಎತ್ತದೆಯೇ ವಾಶರ್ ಇರುವ ಪಿಸ್ಟನ್ ಹೊರತೆಗೆಯಬಹುದು, ಊರಿನವರೇ ಮಾಡಿಕೊಳ್ಳಬಹುದು. ಹಾಗಾಗಿ ಯಾವ ಪಂಪು ಅಗ್ಗ ಎಂದು ಕೇಳುವವರಿಗೆ, ಅದನ್ನು ಬಿಚ್ಚುವವರು ಯಾರು ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ.

ಆಫ್ರಿಕಾದ ಇಪ್ಪತ್ತು ದೇಶಗಳಲ್ಲಿ ಸುಮಾರು ಶೇ 36ರಷ್ಟು ಕೈಪಂಪುಗಳು ಕೆಲಸ ಮಾಡುತ್ತಿಲ್ಲವೆಂದು ಗ್ರಾಮೀಣ ನೀರು ಪೂರೈಕೆಯ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ಅಂದಾಜು ಮಾಡಿತ್ತು. ಅಂಥ ಪಂಪುಗಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ತಲೆಗೆ ವರ್ಷಕ್ಕೆ 3ರಿಂದ 6 ಡಾಲರ್ ಎಂದೆನಲ್ಲ, ಅದರಲ್ಲಿ ಉಳಿದ ಒಂದರಿಂದ ಮೂರು ಡಾಲರ್ ಬೆಂಬಲದ ಖರ್ಚು: ಮೇಲ್ವಿಚಾರಣೆಗೆ ಬರುವ ಎಂಜಿನಿಯರ್, ಸಮಿತಿಗೆ ತರಬೇತಿ, ನೀರಿನ ಪರೀಕ್ಷೆ, ಲೆಕ್ಕಪತ್ರದ ತಪಾಸಣೆ. ಇದನ್ನು ‘ಆಡಳಿತ ವೆಚ್ಚ’ ಎಂದು ಮೂಗು ಮುರಿದು ಕತ್ತರಿಸುವ ದಾನಿಗಳ ಬಗ್ಗೆ ನನಗೆ ತಾಳ್ಮೆ ಕಡಿಮೆ. ವಾಶರ್ ಸವೆದಿದೆ ಎಂಬ ಸುದ್ದಿ ಪಂಪು ನಿಲ್ಲುವ ಮೊದಲೇ ತಲುಪಬೇಕಾದರೆ ಯಾರಾದರೂ ಹೋಗಿ ನೋಡಲೇಬೇಕಲ್ಲ!

ನಲ್ಲಿ ನೀರಿನ ಯೋಜನೆಗಳ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ವಿದ್ಯುತ್ ಬಿಲ್ಲು, ಸುಟ್ಟ ಮೋಟಾರು, ಸೋರುವ ಪೈಪು ಸೇರಿ ಅಲ್ಲಿ ವಾರ್ಷಿಕ ಖರ್ಚು ತಲೆಗೆ 15 ಡಾಲರ್‌ವರೆಗೂ ಏರುತ್ತದೆ.

ಶೌಚಾಲಯದ್ದು ಬೇರೆಯೇ ಕಥೆ, ಏಕೆಂದರೆ ಕಟ್ಟುವ ಹಾಗೂ ನಡೆಸುವ ಹೊರೆಯ ದೊಡ್ಡ ಪಾಲು ಮನೆಯವರ ಮೇಲೆಯೇ ಬೀಳುತ್ತದೆ. ಅಂದಾಜುಪಟ್ಟಿಯಲ್ಲಿ ಗೋಡೆ, ಬಾಗಿಲು, ಗುಂಡಿ ಎಲ್ಲವೂ ಇರುತ್ತದೆ. ಗುಂಡಿ ತುಂಬಿದ ಮೇಲೇನು ಎಂಬುದಿರುವುದಿಲ್ಲ. ಒಬ್ಬರಿಗೆ ವರ್ಷಕ್ಕೆ ಸುಮಾರು 40 ಲೀಟರ್ ಹೂಳು ಎಂದಿಟ್ಟುಕೊಂಡರೆ, ಐದು ಜನರ ಮನೆಯಲ್ಲಿ ಒಂದು ಘನ ಮೀಟರ್ ಗುಂಡಿ ಐದು ವರ್ಷಕ್ಕೆ ಭರ್ತಿ. ಖಾಲಿ ಮಾಡಿಸಲು ಹಣವಿಲ್ಲದ ಮನೆಯವರು ಮತ್ತೆ ಬಯಲಿಗೆ ಹೋಗುತ್ತಾರೆ. ಎರಡು ಗುಂಡಿಗಳ ವಿನ್ಯಾಸಕ್ಕೆ ಮೊದಲು ತುಸು ಹೆಚ್ಚು ಹಣ ಬೇಕು, ಆದರೆ ಒಂದು ತುಂಬಿದಾಗ ಇನ್ನೊಂದನ್ನು ಬಳಸುತ್ತಾ ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಜಾಗವಿದ್ದು ಅಂತರ್ಜಲ ಆಳದಲ್ಲಿದ್ದರೆ ನನ್ನ ಮತ ಅದಕ್ಕೇ.

ಹಣ ಬರುವ ದಾರಿಗಳು ಮೂರೇ: ಬಳಕೆದಾರರ ಶುಲ್ಕ, ಸರ್ಕಾರದ ತೆರಿಗೆ ಹಣ, ದಾನಿಗಳ ನೆರವು. ನಿಮ್ಮ ಮುಂದಿರುವ ಪ್ರತಿ ಪ್ರಸ್ತಾವದಲ್ಲೂ ಎಂಟನೆಯ ವರ್ಷದ ದೊಡ್ಡ ರಿಪೇರಿಗೆ ಈ ಮೂರರಲ್ಲಿ ಯಾವುದರಿಂದ ಎಷ್ಟು ಎಂದು ಬರೆದು ಕೊಡಲು ಹೇಳಿ. ಉತ್ತರ ಕೊಟ್ಟವರ ಅಂಕಿ ಬಹುಶಃ ಉಳಿದವರದಕ್ಕಿಂತ ದುಬಾರಿಯಾಗಿರುತ್ತದೆ. ನಾನಾಗಿದ್ದರೆ ಅದನ್ನೇ ಆರಿಸುತ್ತಿದ್ದೆ. ಮೇಲಿನ ಡಾಲರುಗಳನ್ನು ಮಾತ್ರ ಹಾಗೆಯೇ ನಿಮ್ಮ ಪಟ್ಟಿಗೆ ಇಳಿಸಬೇಡಿ, ಅವು 2011ರವು. ಇಂದಿನ ಸ್ಥಳೀಯ ದರ ಹಾಕಿ, ನಿರ್ಮಾಣಕ್ಕೂ ನಿರ್ವಹಣೆಗೂ ಇರುವ ಅನುಪಾತವನ್ನಷ್ಟೇ ಹೋಲಿಸಿ ನೋಡಿ.