‘ಗೃಹಿಣಿ’ ಎಂದು ಬರೆದುಕೊಳ್ಳುವ ಮೊದಲು

ಓದುಗರ ಪತ್ರ: ನಾನು ಬಿ.ಎ. ಕೊನೆಯ ವರ್ಷದ ಸಮಾಜಶಾಸ್ತ್ರ ವಿದ್ಯಾರ್ಥಿನಿ. ‘ಗ್ರಾಮೀಣ ಮಹಿಳೆಯರ ದುಡಿಮೆ’ ಎಂಬ ಪ್ರಾಜೆಕ್ಟಿಗಾಗಿ ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಪ್ರಶ್ನಾವಳಿ ತುಂಬಿಸಿದೆ. ಊರಲ್ಲಿ 240 ಮನೆಗಳಿವೆ. ಮುಖ್ಯ ಬೀದಿಯ 60 ಮನೆಗಳಿಗೆ, ಕಾಲೇಜು ರಜೆಯಿದ್ದ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿದ್ದೆ. 44 ಮಂದಿ ‘ಗೃಹಿಣಿ, ಕೆಲಸ ಇಲ್ಲ’ ಎಂದರು. ಅವರಲ್ಲಿ ಎಷ್ಟೋ ಜನ ಹೊಲದಲ್ಲಿರುವುದನ್ನು ನಾನೇ ನೋಡಿದ್ದೇನೆ. ಈಗ ಮಾರ್ಗದರ್ಶಕರು ‘ಸಿದ್ಧಾಂತದ ಅಧ್ಯಾಯ ಸೇರಿಸು’ ಎನ್ನುತ್ತಿದ್ದಾರೆ. ಯಾವ ಸಿದ್ಧಾಂತ ಹೊಂದುತ್ತದೆ? 60 ಮನೆ ಸಾಕೇ? ಕಾಲ ಕಡಿಮೆಯಿದೆ. ಪ್ರಶ್ನಾವಳಿಯ ಪ್ರತಿ ಜೊತೆಗಿದೆ.

ಸಂಪಾದಕರ ಉತ್ತರ:

ಮೊದಲು ಆ 44 ಮಂದಿಯ ವಿಷಯ. ಅವರು ಸುಳ್ಳು ಹೇಳಿಲ್ಲ. ನಿಮ್ಮ ಏಳನೆಯ ಪ್ರಶ್ನೆ ‘ತಮ್ಮ ಉದ್ಯೋಗ ಯಾವುದು?’ ಎಂದಿದೆ. ಹಳ್ಳಿಯ ಮನೆ ಬಾಗಿಲಲ್ಲಿ ನಿಂತು ‘ಉದ್ಯೋಗ’ ಎಂದು ಕೇಳಿದರೆ ಮೇಷ್ಟ್ರು, ನರ್ಸು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಕಣ್ಣ ಮುಂದೆ ಬರುತ್ತಾರೆಯೇ ಹೊರತು ಕೊಟ್ಟಿಗೆ ಬರುವುದಿಲ್ಲ. ‘ಕೆಲಸ’ ಎಂದು ಕೇಳಿದ್ದರೂ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ನಿಮ್ಮ ಸೀಮೆಯಲ್ಲಿ ಕೆಲಸ ಎಂದರೆ ಸಂಬಳದ್ದು, ದಿನದ ಲೆಕ್ಕದ್ದು ಕೂಲಿ, ಸ್ವಂತ ಹೊಲದ್ದು ಗೇಮೆ, ಮನೆಯದ್ದು ಬದುಕು. ಉತ್ತರ ಕರ್ನಾಟಕದಲ್ಲಾದರೆ ‘ದಗದ’ ಎಂಬ ಇನ್ನೊಂದೇ ಮಾತಿದೆ. ನೀವು ಒಂದು ಪದ ಹಿಡಿದುಕೊಂಡು ಹೋದಿರಿ, ಅವರು ಆ ಪದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟರು.

ಈ ತೊಡಕು ನಿಮ್ಮೊಬ್ಬರದಲ್ಲ. ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಯವರು ಪ್ರತಿಯೊಬ್ಬರ ಮುಂದೆ ಒಂದು ಸಂಕೇತ ಸಂಖ್ಯೆ ಬರೆಯುತ್ತಾರೆ. ಮನೆಗೆಲಸವಷ್ಟೇ ಮಾಡುವವರಿಗೆ 92. ಮನೆಗೆಲಸದ ಜೊತೆ ಮನೆಬಳಕೆಗೆಂದು ಸೌದೆ, ಸೊಪ್ಪು, ದನದ ಮೇವು ತರುವವರಿಗೆ, ಬಟ್ಟೆ ಹೊಲಿಯುವವರಿಗೆ 93. ಮನೆಯವರ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರಿಗೆ 21. ಇವುಗಳಲ್ಲಿ 21 ಶ್ರಮಶಕ್ತಿಯ ಲೆಕ್ಕಕ್ಕೆ ಸೇರುತ್ತದೆ, 92 ಮತ್ತು 93 ಸೇರುವುದಿಲ್ಲ.

ಈಗ ಒಬ್ಬ ಹೆಂಗಸಿನ ಬೆಳಗ್ಗೆಯನ್ನು ಈ ಸಂಖ್ಯೆಗಳ ಪಕ್ಕ ಇಟ್ಟು ನೋಡಿ. ಐದಕ್ಕೆ ಎದ್ದು ಸಗಣಿ ಬಾಚಿ, ಹಸು ಕರೆದು, ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಿ ಬರುತ್ತಾಳೆ. ಮುದ್ದೆ ಬೇಯಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬದುವಿನ ಹುಲ್ಲು ಕೊಯ್ದು ಹೊರೆ ಹೊತ್ತು ತರುತ್ತಾಳೆ. ಆ ಹುಲ್ಲು ತಿನ್ನುವ ಹಸುವಿನ ಹಾಲು ಮನೆಗಷ್ಟೇ ಆದರೆ ಆಕೆಯನ್ನು 93 ಎಂದು ಬರೆದುಬಿಡುವುದು ಸುಲಭ. ಹಾಲು ಡೇರಿಗೆ ಹೋಗುತ್ತಿದ್ದರೆ ಆಕೆ 21. ಲೆಕ್ಕ ಬರೆಯುವವರು ಹಾಲಿನ ಮಾತೆತ್ತದೆ ‘ಮನೇಲೇ ಇರ್ತೀರಾ?’ ಎಂದು ಕೇಳಿ ‘ಹೂಂ’ ಅನ್ನಿಸಿಕೊಂಡರೆ 92. ಕುಡುಗೋಲು, ಹೊರೆ, ನಡೆದ ದಾರಿ ಎಲ್ಲ ಅದೇ, ಬರೆದ ಸಂಖ್ಯೆ ಮಾತ್ರ ಮೂರು ತರ.

ಯಾವುದನ್ನು ದುಡಿಮೆ ಎನ್ನಬೇಕು ಎಂಬ ತೀರ್ಮಾನ ಪ್ರಶ್ನಾವಳಿ ಅಚ್ಚಾಗುವ ಮೊದಲೇ ಆಗಿರುತ್ತದೆ. ಆ ತೀರ್ಮಾನಕ್ಕೇ ಸಿದ್ಧಾಂತ ಎನ್ನುವುದು. ಆದ್ದರಿಂದ ‘ಯಾವ ಸಿದ್ಧಾಂತ ಸೇರಿಸಲಿ’ ಎಂಬ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ನಿಮ್ಮ ಏಳನೆಯ ಪ್ರಶ್ನೆಯೊಳಗೆ ಒಂದು ಸಿದ್ಧಾಂತ ಆಗಲೇ ಕೂತಿದೆ, ಮೊದಲು ಅದನ್ನು ಗುರುತಿಸಿ. ಗಂಡ ಹೊರಗೆ ದುಡಿದು ತರುವವನು, ಹೆಂಡತಿ ಒಳಗೆ ಮನೆಯವರ ಮನಸ್ಸು ನೋಡಿಕೊಳ್ಳುವವಳು, ಈ ಹಂಚಿಕೆಯಿಂದ ಕುಟುಂಬ ನಿಂತಿದೆ ಎಂದು ಅಮೆರಿಕದ ಟಾಲ್ಕಾಟ್ ಪಾರ್ಸನ್ಸ್ 1955ರಲ್ಲಿ ಬರೆದರು. ಸಮಾಜದ ಪ್ರತಿ ಭಾಗವೂ ಇಡೀ ಸಮಾಜ ನಿಲ್ಲಲು ಒಂದು ಕೆಲಸ ಮಾಡುತ್ತದೆ ಎನ್ನುವುದನ್ನು ಪಠ್ಯದಲ್ಲಿ ಪ್ರಕಾರ್ಯವಾದ ಎಂದು ಓದಿದ್ದೀರಲ್ಲ, ಅದರದೇ ಕುಟುಂಬದ ಅಧ್ಯಾಯ ಇದು. ಮನೆಗೊಬ್ಬ ಯಜಮಾನ, ಮನೆಗೊಂದು ಉದ್ಯೋಗ, ಉಳಿದವರು ಅವಲಂಬಿತರು ಎಂಬ ಕಲಂಗಳಿರುವ ಪ್ರಶ್ನಾವಳಿ ಆ ಚಿತ್ರವನ್ನೇ ಮತ್ತೆ ಬರೆಯುತ್ತದೆ. ನಿಮ್ಮದರಲ್ಲಿ ಮೂರನೆಯ ಕಲಂ ‘ಕುಟುಂಬದ ಮುಖ್ಯಸ್ಥರ ಹೆಸರು’ ಎಂದೇ ಇದೆ.

ಸ್ವತ್ತು, ಅಧಿಕಾರ ಯಾರ ಕೈಯಲ್ಲಿದೆ ಎಂದು ನೋಡುವ ಸಂಘರ್ಷ ಸಿದ್ಧಾಂತದವರು ಅದೇ ಬಾಗಿಲಿಗೆ ಬಂದರೆ ಬೇರೆ ಕೇಳುತ್ತಾರೆ. ಹಾಲು ಕರೆಯುವವರು ಯಾರು? ಡೇರಿ ಪಾಸ್‌ಬುಕ್ ಯಾರ ಹೆಸರಲ್ಲಿದೆ? ಬಟವಾಡೆ ಯಾರ ಖಾತೆಗೆ ಬೀಳುತ್ತದೆ? ಪಹಣಿಯಲ್ಲಿ ಯಾರ ಹೆಸರಿದೆ? ಈ ನಾಲ್ಕಕ್ಕೂ ಒಂದೊಂದೇ ಮಾತಿನ ಉತ್ತರ ಸಾಕು, ಪಾಸ್‌ಬುಕ್ ನೋಡಿದರೆ ತಾಳೆಯೂ ಆಗುತ್ತದೆ. ‘ನಿಮ್ಮ ಮನೆಯಲ್ಲಿ ಮಹಿಳೆಯರಿಗೆ ಸಮಾನತೆ ಇದೆಯೇ’ ಎಂಬ ನಿಮ್ಮ ಹದಿನೆಂಟನೆಯ ಪ್ರಶ್ನೆಗಿಂತ ಇವು ಎಷ್ಟೋ ಮೇಲು. ಅದಕ್ಕೆ ಅರವತ್ತು ಮನೆಯವರೂ ‘ಇದೆ’ ಎಂದಿರಬೇಕು, ಅಲ್ಲವೇ? ಇನ್ನು ಮನೆಗೆಲಸವನ್ನೇ ನೇರವಾಗಿ ಕೆಲಸವೆಂದು ಹಿಡಿದು, ಗಂಟೆ, ಏಕತಾನತೆ, ಒತ್ತಡ ಎಲ್ಲವನ್ನೂ ಕಾರ್ಖಾನೆಯ ದುಡಿಮೆಯಂತೆ ಕೇಳಿ ನೋಡಿದವರು ಬ್ರಿಟನ್ನಿನ ಆ್ಯನ್ ಓಕ್ಲಿ. 1974ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕೆ ಅವರು ಮಾತಾಡಿಸಿದ್ದು ಲಂಡನ್ನಿನ 40 ಗೃಹಿಣಿಯರನ್ನು, ಅಷ್ಟೇ. ಸಂಖ್ಯೆ ಸಾಕೇ ಎಂಬ ಚಿಂತೆಗೆ ಅರ್ಧ ಉತ್ತರ ಅಲ್ಲಿದೆ. ಆಳಕ್ಕೆ ಹೋಗುವ ಸಂದರ್ಶನಕ್ಕೆ 40 ದೊಡ್ಡ ಸಂಖ್ಯೆ, ಶೇಕಡಾವಾರು ಹೇಳಲು ಅದು ಸಾಲದು.

ಮೂರನೆಯ ದಾರಿ ನಿಮ್ಮ ಸಾಮಗ್ರಿಗೆ ಎಲ್ಲಕ್ಕಿಂತ ಹತ್ತಿರದ್ದು. ‘ಕೆಲಸ ಇಲ್ಲ, ಮನೇಲೇ ಇದೀನಿ’ ಎಂಬ ಮಾತನ್ನು ಮಾಹಿತಿಯ ತಪ್ಪು ಎಂದು ಬದಿಗಿಡದೆ, ಹಾಗೆ ಹೇಳಿಕೊಳ್ಳುವುದರಲ್ಲಿ ಏನಿದೆ ಎಂದು ಕೇಳುವ ದಾರಿ. ಅರ್ಥವನ್ನು ಜನ ಪರಸ್ಪರ ವ್ಯವಹಾರದಲ್ಲಿ ಕಟ್ಟಿಕೊಳ್ಳುತ್ತಾರೆ ಎನ್ನುವ ಈ ಪಂಥಕ್ಕೆ ಸಾಂಕೇತಿಕ ಅಂತರಕ್ರಿಯಾವಾದ ಎಂಬ ಹೆಸರನ್ನು ಹರ್ಬರ್ಟ್ ಬ್ಲೂಮರ್ 1937ರಲ್ಲಿ ಇಟ್ಟರು. ಅದಕ್ಕೆ ನಮ್ಮ ನೆಲದಿಂದಲೇ ಒಂದು ಜೋಡಿ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರ ಕೊಡಗಿನ ಅಧ್ಯಯನದಲ್ಲಿ ಮುಂದಿಟ್ಟ ಸಂಸ್ಕೃತೀಕರಣದ (ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ನೋಡುವುದು) ವಿಚಾರವನ್ನು ನೀವು ಆಹಾರ, ಪೂಜೆ, ಜನಿವಾರದ ಉದಾಹರಣೆಯಲ್ಲಿ ಓದಿರುತ್ತೀರಿ. ಮನೆಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಹೆಂಗಸರನ್ನು ಹೊಲದ ಕೆಲಸದಿಂದ ಬಿಡಿಸುವುದೂ ಅದೇ ಏಣಿಯ ಒಂದು ಮೆಟ್ಟಿಲು. ಎಲ್ಲರಿಗೂ ಬಿಡಿಸಲು ಆಗುವುದಿಲ್ಲ. ಬಿಡಿಸಲಾಗದವರು ‘ಕೂಲಿಗೆ ಹೋಗಲ್ಲ’ ಎಂದಾದರೂ ಹೇಳಿಕೊಳ್ಳುತ್ತಾರೆ. ಪ್ರಶ್ನಾವಳಿ ಹಿಡಿದು ಬಂದ ಕಾಲೇಜು ಹುಡುಗಿಯ ಮುಂದಂತೂ ಇನ್ನೂ ಗಟ್ಟಿಯಾಗಿ.

ಈಗ 60 ಮನೆಯ ಪ್ರಶ್ನೆ. ಎಷ್ಟು ಮನೆ ಎಂಬುದಕ್ಕಿಂತ ಯಾವ ಮನೆ ಎಂಬುದು ದೊಡ್ಡದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿ, ವಾಪಸು ಬಂದ 20 ಲಕ್ಷಕ್ಕೂ ಹೆಚ್ಚು ಚೀಟಿ ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದದ್ದು ರೂಸ್‌ವೆಲ್ಟ್. ವಿಳಾಸಗಳನ್ನು ಬಹುಪಾಲು ಟೆಲಿಫೋನ್ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರೆಂದು ಹೇಳಬೇಕಿಲ್ಲ. ಜೊತೆಗೆ ಚೀಟಿ ವಾಪಸು ಕಳಿಸಿದವರೇ ಕಾಲುಭಾಗ. ನಿಮ್ಮ ‘ಮುಖ್ಯ ಬೀದಿ’ಯೂ ಅಂಥದೇ ಪಟ್ಟಿ. ಹಳ್ಳಿಯ ಮುಖ್ಯ ಬೀದಿಯಲ್ಲಿ ಯಾರ ಮನೆಗಳಿರುತ್ತವೆ, ಕಾಲೊನಿ ಯಾವ ದಿಕ್ಕಿಗಿರುತ್ತದೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕೂಲಿಗೆ ಹೋಗುವ ಮನೆಗಳನ್ನು ಬೀದಿಯ ಆಯ್ಕೆಯಲ್ಲೇ ಕೈಬಿಟ್ಟಿರಿ. ಉಳಿದವರಲ್ಲಿ ಹೊಲಕ್ಕೆ ಹೋದವರನ್ನು ಬೆಳಿಗ್ಗೆ ಹನ್ನೊಂದು ಎಂಬ ಹೊತ್ತಿನ ಆಯ್ಕೆಯಲ್ಲಿ ಕೈಬಿಟ್ಟಿರಿ. ಆ ಹೊತ್ತಿಗೆ ಬಾಗಿಲು ತೆರೆದವರು ಮನೆಯಲ್ಲಿದ್ದವರು ತಾನೆ?

ಶ್ರೀನಿವಾಸರಂಥವರಿಗೂ ಈ ಮಿತಿ ತಪ್ಪಲಿಲ್ಲ. 1948ರಲ್ಲಿ ಮೈಸೂರಿನ ಹತ್ತಿರದ, ‘ರಾಂಪುರ’ ಎಂದು ಅವರು ಹೆಸರಿಟ್ಟ ಊರಿನಲ್ಲಿ ಪಟೇಲರ ಆಶ್ರಯದಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಅದರಿಂದ ತಮ್ಮ ನೋಟ ಮೇಲ್ಜಾತಿಯವರ ಕಡೆಯಿಂದ ಬಂದದ್ದಾಯಿತು ಎಂದು ಅವರೇ ಒಪ್ಪಿಕೊಂಡರು. ನೀವೂ ವಿಧಾನದ ಅಧ್ಯಾಯದಲ್ಲಿ ಬೀದಿ ಯಾವುದು, ಹೊತ್ತು ಯಾವುದು ಎಂದು ನೇರವಾಗಿ ಬರೆಯಿರಿ. ‘ಯಾದೃಚ್ಛಿಕ ಮಾದರಿ’ (ಎಲ್ಲ ಮನೆಗೂ ಸಮಾನ ಅವಕಾಶ ಕೊಟ್ಟು ಚೀಟಿ ಎತ್ತಿ ಆಯ್ದದ್ದು) ಎಂದು ಮಾತ್ರ ಬರೆಯಬೇಡಿ. ಅನೇಕ ಪ್ರಾಜೆಕ್ಟುಗಳಲ್ಲಿ ಸಿಕ್ಕವರನ್ನು ಕೇಳಿದ್ದಕ್ಕೆಲ್ಲ ಆ ಹೆಸರೇ ಇರುತ್ತದೆ.

ನಿಜವಾದ ಯಾದೃಚ್ಛಿಕ ಆಯ್ಕೆ ಕಷ್ಟವೇನಲ್ಲ. ಅಂಗನವಾಡಿಯ ಮನೆ ಸಮೀಕ್ಷೆಯ ಪುಸ್ತಕದಿಂದ 240 ಮನೆಗಳಿಗೂ ಕ್ರಮಸಂಖ್ಯೆ ಕೊಡಿ. ಪಂಚಾಯಿತಿಯ ಕಂದಾಯದ ಪುಸ್ತಕ ಬೇಡ. ಅದರ ಒಂದು ಖಾತೆಯಲ್ಲಿ ಬೇರೆಯಾದ ಅಣ್ಣತಮ್ಮಂದಿರ ಮೂರು ಸಂಸಾರ ಇರಬಹುದು. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಮನೆ ಎಂಬ ಜನಗಣತಿಯ ಅಳತೆಯನ್ನೇ ಇಟ್ಟುಕೊಳ್ಳಿ. 240ನ್ನು 60ರಿಂದ ಭಾಗಿಸಿದರೆ 4. ಒಂದರಿಂದ ನಾಲ್ಕರವರೆಗೆ ಚೀಟಿ ಎತ್ತಿ, ಮೂರು ಬಂದರೆ 3, 7, 11 ಹೀಗೆ ನಾಲ್ಕಕ್ಕೊಂದು ಮನೆ. ಆ ಮನೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬಾರದು, ಎಡವಟ್ಟಾಗುವುದೇ ಅಲ್ಲಿ. ಬೀಗ ಹಾಕಿದ್ದು ಕೂಲಿಗೆ ಹೋದವರ ಮನೆ, ಪಕ್ಕದಲ್ಲಿ ತೆರೆದಿರುವುದು ಹೋಗದವರದ್ದು. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ಹೋಗಿ, ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಿರಿ. ರಾತ್ರಿ ಏಳರ ಮೇಲೆ ಹೋದರೆ ಬಹಳ ಮಂದಿ ಸಿಗುತ್ತಾರೆ.

ಹೀಗೆ ಆಯ್ದ 60ಕ್ಕೆ ಗಣಿತ ಇಷ್ಟು: ಅರ್ಧದಷ್ಟು ಜನ ‘ಹೌದು’ ಎಂದರೆ, ಶೇ. 95ರ ವಿಶ್ವಾಸ ಮಟ್ಟದಲ್ಲಿ (ಹೀಗೆ ನೂರು ಸಲ ಆಯ್ದರೆ ಸುಮಾರು 95 ಸಲ ಸರಿಬರುವ ಲೆಕ್ಕ) ಆಚೀಚೆ ಸುಮಾರು 13 ಶೇಕಡಾಂಶಗಳ ಅಂತರ. ಊರಿನ ಕಾಲುಭಾಗವನ್ನೇ ಕೇಳಿರುವುದರಿಂದ ಅದು 11ಕ್ಕೆ ಇಳಿಯುತ್ತದೆ. ಪ್ರಾಜೆಕ್ಟಿಗೆ ಧಾರಾಳ ಸಾಕು. ಆದರೆ ಆ 60ನ್ನು ಜಾತಿವಾರು ನಾಲ್ಕು ಗುಂಪು ಮಾಡಿ, 15 ಮನೆಯ ಮೇಲೆ ಶೇಕಡಾವಾರು ಬರೆದರೆ ಅಂತರ ಸುಮಾರು 22 ಆಗುತ್ತದೆ. ಅದಕ್ಕೆ ಬಣ್ಣದ ಪೈ ಚಿತ್ರ ಹಾಕಿದರೂ ಪ್ರಯೋಜನವಿಲ್ಲ. ಮುಖ್ಯ ಬೀದಿಯ ಈಗಿನ 60ಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಿ.

ಕೇಳುವ ಬಗೆಗೆ ಬರೋಣ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆ ‘ಉದ್ಯೋಗ ಯಾವುದು’ ಎಂಬ ಒಂದು ಮಾತನ್ನು ನೆಚ್ಚಿಕೊಳ್ಳಲಿಲ್ಲ. ಹಿಂದಿನ ದಿನ ನಸುಕಿನ ನಾಲ್ಕರಿಂದ ಮರುದಿನ ನಸುಕಿನ ನಾಲ್ಕರವರೆಗೆ ಅರ್ಧರ್ಧ ಗಂಟೆ ಏನು ಮಾಡಿದಿರಿ ಎಂದು ಕೇಳಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡಿದವರಲ್ಲಿ ಹೆಂಗಸರ ದಿನದ ಸರಾಸರಿ 299 ನಿಮಿಷ, ಗಂಡಸರದ್ದು 97 ನಿಮಿಷ ಎಂದು ಗೊತ್ತಾದದ್ದು ಹಾಗೆ.

ನೀವೂ ಅದೇ ಮಾಡಿ, ಆದರೆ ಗಡಿಯಾರ ಹಿಡಿದು ಕೇಳಬೇಡಿ. ‘ಆರೂವರೆಗೆ ಏನು ಮಾಡ್ತಿದ್ರಿ’ ಎಂದರೆ ಊಹಿಸಿ ಹೇಳುತ್ತಾರೆ. ‘ನೆನ್ನೆ ಎದ್ದ ತಕ್ಷಣ ಏನ್ ಮಾಡಿದ್ರಿ? ಆಮೇಲೆ? ಡೇರಿಗೆ ಹಾಲು ಹಾಕೋ ಹೊತ್ತಿಗೆ? ಸ್ಕೂಲ್ ಬಸ್ಸು ಬರೋ ಹೊತ್ತಿಗೆ? ಸೀರಿಯಲ್ ಶುರುವಾದಾಗ ಕೈಯಲ್ಲಿ ಏನಿತ್ತು?’ ಎಂದು ಊರಿನ ಹೊತ್ತುಗಳಿಗೆ ಗೂಟ ಹೊಡೆಯುತ್ತಾ ಹೋಗಿ. ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಸೀರಿಯಲ್ ನೋಡುತ್ತಾ ಅವರೆಕಾಯಿ ಸುಲಿದವರು ‘ಟಿ.ವಿ. ನೋಡ್ತಿದ್ದೆ’ ಎಂದಷ್ಟೇ ಹೇಳುತ್ತಾರೆ. ಎರಡನ್ನೂ ಬರೆದುಕೊಳ್ಳಿ. ಮುಯ್ಯಾಳಿಗೆ (ಒಬ್ಬರ ಹೊಲದಲ್ಲಿ ಇನ್ನೊಬ್ಬರು ಆಳಿಗೆ ಆಳಾಗಿ ದುಡಿಯುವುದು) ಹೋದದ್ದನ್ನು ಬೇರೆಯೇ ಕೇಳಬೇಕು, ದುಡ್ಡಿಲ್ಲದ ಕಾರಣ ಅದು ಲೆಕ್ಕದಿಂದ ಜಾರಿಹೋಗಬಹುದು. ಗಂಡನೋ ಅತ್ತೆಯೋ ಪಕ್ಕದಲ್ಲಿ ಕೂತು ‘ಅವಳೇನ್ ಮಾಡ್ತಾಳೆ, ಮನೇಲೇ ಇರ್ತಾಳೆ’ ಎಂದು ಉತ್ತರಿಸಿದರೆ ಅದನ್ನು ಆಕೆಯ ಉತ್ತರವೆಂದು ಬರೆಯದೆ, ಯಾರು ಹೇಳಿದರೋ ಅವರ ಹೆಸರಿನ ಕಲಮಿಗೆ ಹಾಕಿ. ಒಂದು ದಿನದ ಲೆಕ್ಕಕ್ಕೆ ಋತುವಿನ ದೋಷವೂ ಇದೆ. ರಾಗಿ ಕೊಯ್ಲಿನ ದಿನ ಕೇಳಿದ್ದೂ ಬೇಸಿಗೆಯಲ್ಲಿ ಕೇಳಿದ್ದೂ ಒಂದೇ ಆಗದು, ದಿನಾಂಕವನ್ನು ಪ್ರತಿ ಹಾಳೆಯ ಮೇಲೂ ಬರೆಯಿರಿ.

ಕಾಲ ಕಡಿಮೆಯಿದೆ ಎಂದಿದ್ದೀರಿ. 60 ಮನೆ ಮತ್ತೆ ಸುತ್ತಬೇಡಿ, ತುಂಬಿಸಿದ ಹಾಳೆಗಳನ್ನು ಎಸೆಯಲೂ ಬೇಡಿ. ‘ಗೃಹಿಣಿ’ ಎಂದ 44 ಹಾಳೆಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಒಂದರಿಂದ ನಾಲ್ಕರೊಳಗೆ ಚೀಟಿ ಎತ್ತಿ, ನಾಲ್ಕಕ್ಕೊಂದರಂತೆ ತೆಗೆದರೆ 11 ಬರುತ್ತವೆ. ಅದಕ್ಕೂ ಮೊದಲು ಹೊಸ ಪ್ರಶ್ನೆಗಳನ್ನು ಬೇರೆ ಮೂರು ನಾಲ್ಕು ಮನೆಗಳಲ್ಲಿ ಕೇಳಿ ನೋಡಿ, ತೊಡರಿದ ಕಡೆ ಮಾತು ಬದಲಿಸಿ, ಆ ಮನೆಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಆಮೇಲೆ ಈ 11 ಮಂದಿಯ ಬಳಿ ಸಂಜೆ ಹೊತ್ತು ಹೋಗಿ ‘ನೆನ್ನೆ’ಯನ್ನು ಕೇಳಿ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಬೇಕಾದೀತು. ಪಾಸ್‌ಬುಕ್, ಬಟವಾಡೆ, ಪಹಣಿಯ ಪ್ರಶ್ನೆಗಳು ಕೊನೆಗಿರಲಿ. ಹಣದ ಮಾತು ಮೊದಲೇ ಎತ್ತಿದರೆ ಉಳಿದದ್ದಕ್ಕೆಲ್ಲ ಬಾಯಿ ಬಿಗಿಯುತ್ತದೆ. ಹಾಳೆಯ ಮೇಲೆ ಹೆಸರು ಬೇಡ, ಮನೆಯ ಸಂಖ್ಯೆ ಸಾಕು. ಹೆಸರಿನ ಪಟ್ಟಿ ಬೇರೆ ಪುಸ್ತಕದಲ್ಲಿರಲಿ, ಅದನ್ನು ಕಾಲೇಜಿಗೆ ಕೊಡಬೇಡಿ.

ಬಂದದ್ದನ್ನು ಎರಡು ಕಲಮಿನಲ್ಲಿ ಎದುರುಬದುರು ಇಡಿ: ಎಡಕ್ಕೆ ‘ಉದ್ಯೋಗ?’ ಎಂದಾಗ ಹೇಳಿದ್ದು, ಬಲಕ್ಕೆ ‘ನೆನ್ನೆ?’ ಎಂದಾಗ ಹೇಳಿದ್ದು. ಎಕ್ಸೆಲ್‌ಗೆ ಏರಿಸುವಾಗ ‘ಮಾಡಲಿಲ್ಲ’ ಎಂಬುದಕ್ಕೆ 0, ‘ಕೇಳಲಿಲ್ಲ’ ಎಂಬುದಕ್ಕೆ 99 ಎಂದು ಬೇರೆ ಬೇರೆ ಕೊಡಿ, ಸರಾಸರಿ ತೆಗೆಯುವ ಮುನ್ನ 99ನ್ನು ಹೊರಗಿಡಿ. 11 ಜನರ ಮೇಲೆ ಶೇಕಡಾವಾರು ಬೇಡ, ‘11ರಲ್ಲಿ ಇಷ್ಟು’ ಎಂದೇ ಬರೆಯಿರಿ. ಕೈ ವರ್ಗ ಪರೀಕ್ಷೆ (chi-square, ಎರಡು ವಿಷಯಗಳ ನಡುವೆ ನಂಟಿದೆಯೇ ಎಂದು ನೋಡುವ ಲೆಕ್ಕ) ಇರಲೇಬೇಕೆಂದು ಮಾರ್ಗದರ್ಶಕರು ಹೇಳಿದರೆ, ಕೋಷ್ಟಕದ ನಿರೀಕ್ಷಿತ ಸಂಖ್ಯೆಗಳು 5ಕ್ಕಿಂತ ಕಡಿಮೆಯಾದರೆ ಅದು ನೆಚ್ಚುವಂಥದ್ದಲ್ಲ ಎಂದು ವಿನಯದಿಂದಲೇ ತಿಳಿಸಿ. ಎರಡು ಕಲಮಿನ ನಡುವಿನ ಅಂತರವೇ ನಿಮ್ಮ ಪ್ರಾಜೆಕ್ಟು. ಸಿದ್ಧಾಂತದ ಅಧ್ಯಾಯದಲ್ಲಿ ಆ ಅಂತರವನ್ನು ಪಾರ್ಸನ್ಸ್, ಓಕ್ಲಿ, ಶ್ರೀನಿವಾಸ್ ಮೂವರೂ ಹೇಗೆ ವಿವರಿಸುತ್ತಿದ್ದರು ಎಂದು ಎರಡೆರಡು ಪುಟ ಬರೆದರೆ ಸಾಕು. ಮಾರ್ಕ್ಸ್ ಹುಟ್ಟಿದ ಊರು, ಆಗಸ್ಟ್ ಕಾಂಟ್‌ನ ಮೂರು ಹಂತ ಇವೆಲ್ಲ ಅಲ್ಲಿ ಬೇಡ.

ಅನುಬಂಧದಲ್ಲಿ ಯಾವ ಪ್ರಶ್ನಾವಳಿ ಹಾಕಲಿ ಎಂಬ ಗೊಂದಲ ಬರಬಹುದು. ಎರಡನ್ನೂ ಹಾಕಿ, ಹಳೆಯದನ್ನು ತಿದ್ದದೆ, ಏಳನೆಯ ಪ್ರಶ್ನೆ ಇದ್ದ ಹಾಗೇ ಇರಲಿ.